ಚೂಪು ವಸ್ತು ನುಂಗಿದಾಗ: ಯಾವಾಗ ಕಾಯಬೇಕು, ಯಾವಾಗ ಓಡಬೇಕು

ಮೀನೂಟದ ನಡುವೆ ಯಾರಾದರೂ ಗಂಟಲು ಹಿಡಿದುಕೊಂಡರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಸಲಹೆ ಒಂದೇ: ‘ಜಗಿಯದೆ ಒಂದು ಅನ್ನದ ಉಂಡೆ ನುಂಗು, ಮುಳ್ಳು ಇಳಿದುಹೋಗುತ್ತದೆ.’ ಅನ್ನ ಕೈಗೆ ಸಿಗದಿದ್ದರೆ ಬಾಳೆಹಣ್ಣು, ಇಲ್ಲವೇ ಮುದ್ದೆಯ ತುತ್ತು. ಬಹಳ ಸಲ ನೋವು ಹೋಗುತ್ತದೆ, ಉಂಡೆಯೇ ಕಾಪಾಡಿತು ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಆದರೆ ಕೆಲವು ಸಲ ಮುಳ್ಳು ಇಳಿಯುವುದಿಲ್ಲ. ಮೇಲಿನಿಂದ ಬಿದ್ದ ಒತ್ತಡಕ್ಕೆ ಇನ್ನಷ್ಟು ಆಳಕ್ಕೆ ನಾಟಿಕೊಳ್ಳುತ್ತದೆ. ಟಾರ್ಚು, ಚಿಮಟಗಳಲ್ಲೇ ಹೊರಬರಬಹುದಾಗಿದ್ದ ಮುಳ್ಳಿಗೆ ಆಗ ಎದೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಅಕಸ್ಮಾತ್ತಾಗಿ ನುಂಗಿದ ಚೂಪು ವಸ್ತುಗಳ ಬಗ್ಗೆ ವೈದ್ಯಶಾಸ್ತ್ರ ನೂರು ವರ್ಷಕ್ಕೂ ಮೀರಿ ಅನುಭವ ಕೂಡಿಹಾಕಿದೆ. ಅದರ ಸಾರದಲ್ಲಿ ಎರಡು ಮಾತುಗಳಿವೆ. ಮೊದಲನೆಯದು ಸಮಾಧಾನದ್ದು. ಜಠರ ತಲುಪಿದ ಅನ್ಯವಸ್ತುಗಳಲ್ಲಿ ಶೇ. 80ರಿಂದ 90ರಷ್ಟು ಯಾರ ನೆರವೂ ಇಲ್ಲದೆ ಮಲದೊಂದಿಗೆ ಹೊರಹೋಗುತ್ತವೆ. ಶೇ. 10ರಿಂದ 20ರಷ್ಟನ್ನು ಎಂಡೋಸ್ಕೋಪಿಯಿಂದ ತೆಗೆಯಬೇಕಾಗುತ್ತದೆ. ಹೊಟ್ಟೆ ಕೊಯ್ಯಬೇಕಾಗುವುದು ಹೆಚ್ಚೆಂದರೆ ನೂರಕ್ಕೊಬ್ಬರಿಗೆ. ಎರಡನೆಯದು ಎಚ್ಚರಿಕೆಯದು. ನಾಣ್ಯ, ಗೋಲಿ, ಗುಂಡಿಗಳೆಲ್ಲ ಸೇರಿ ಬಂದ ಲೆಕ್ಕ ಅದು. ಚೂಪು ವಸ್ತುಗಳನ್ನಷ್ಟೇ ಬೇರೆ ಮಾಡಿ ನೋಡಿದರೆ ಚಿತ್ರ ಬದಲಾಗುತ್ತದೆ. ಅವು ಕರುಳನ್ನು ತೂತು ಮಾಡುವ ಸಾಧ್ಯತೆ ಶೇ. 35ರವರೆಗೂ ಇರಬಹುದೆಂದು ಹಳೆಯ ವೈದ್ಯಕೀಯ ವರದಿಗಳು ಹೇಳುತ್ತವೆ. ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸಿದ ಲೆಕ್ಕವಾದ್ದರಿಂದ ಅದು ಸ್ವಲ್ಪ ಹೆಚ್ಚೇ ಇರಬಹುದು. ಹಾಗಿದ್ದರೂ ‘ನಾಳೆ ಬೆಳಿಗ್ಗೆ ನೋಡೋಣ’ ಎನ್ನುವ ಹಗುರ ಮನಸ್ಸಿಗೆ ಇಲ್ಲಿ ಎಡೆಯಿಲ್ಲ.

ದಾರಿಯಲ್ಲಿನ ಇಕ್ಕಟ್ಟುಗಳು

ನುಂಗಿದ ವಸ್ತು ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಅನ್ನನಾಳದಲ್ಲಿ ಹುಟ್ಟಿನಿಂದಲೇ ಕಿರಿದಾದ ಕೆಲವು ಜಾಗಗಳಿವೆ. ವಯಸ್ಕರಲ್ಲಿ ಮುಂಬಲ್ಲಿನಿಂದ ಸುಮಾರು 15 ಸೆಂಟಿಮೀಟರ್ ಕೆಳಗೆ, ಗಂಟಲು ಮುಗಿದು ಅನ್ನನಾಳ ಶುರುವಾಗುವ ಕಡೆ ಮೊದಲನೆಯದು. ಎದೆಯೊಳಗೆ ಮಹಾಪಧಮನಿ ಬಾಗಿ ಹಾದುಹೋಗುವ ಎಡೆಯಲ್ಲಿ, ಸುಮಾರು 23ರಿಂದ 25 ಸೆಂಟಿಮೀಟರಿಗೆ ಎರಡನೆಯದು. ವಪೆಯನ್ನು ದಾಟಿ ಜಠರ ಸೇರುವ ಕಡೆ, ಸುಮಾರು 40 ಸೆಂಟಿಮೀಟರಿಗೆ ಕೊನೆಯದು. ಅನ್ನನಾಳದಲ್ಲಿ ನಿಲ್ಲುವ ವಸ್ತುಗಳು ಹೆಚ್ಚಾಗಿ ಈ ಜಾಗಗಳಲ್ಲೇ ನಿಲ್ಲುತ್ತವೆ.

ಜಠರ ತಲುಪಿದ ಮೇಲೂ ಪರೀಕ್ಷೆ ಮುಗಿಯುವುದಿಲ್ಲ. ಎರಡೂವರೆ ಸೆಂಟಿಮೀಟರಿಗಿಂತ ಅಗಲದ ವಸ್ತು ಜಠರದ ಕೆಳಬಾಗಿಲನ್ನು ದಾಟುವುದು ಕಷ್ಟ. ಐದಾರು ಸೆಂಟಿಮೀಟರಿಗಿಂತ ಉದ್ದದ್ದು ಅದರಾಚೆಗಿನ ಡುವೊಡಿನಮ್‌ನ ತಿರುವಿನಲ್ಲಿ ಬಗ್ಗಲಾರದೆ ಗೋಡೆಗೆ ಚುಚ್ಚಿಕೊಳ್ಳುತ್ತದೆ. ಅದನ್ನೂ ದಾಟಿದರೆ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಸಂಧಿ ಎದುರಾಗುತ್ತದೆ. ಕರುಳು ತೂತಾದ ಪ್ರಕರಣಗಳಲ್ಲಿ ಹೆಚ್ಚು ಸಲ ಕಾಣುವ ಜಾಗ ಇದು.

ಇಷ್ಟೆಲ್ಲ ಇಕ್ಕಟ್ಟಿದ್ದರೂ ಸೂಜಿ, ಮೊಳೆಗಳು ಹಲವು ಸಲ ಏನೂ ಮಾಡದೆ ಹೊರಬರುತ್ತವಲ್ಲ, ಹೇಗೆ? ಇದಕ್ಕೆ 1902ರಲ್ಲಿ ಆಸ್ಟ್ರಿಯಾದ ಶಸ್ತ್ರವೈದ್ಯ ಆಲ್ಫ್ರೆಡ್ ಎಕ್ಸ್‌ನರ್ ಒಂದು ವಿವರಣೆ ಕೊಟ್ಟ. ಕರುಳಿನ ಒಳಪೊರೆಗೆ ಚೂಪು ತುದಿ ತಾಗಿದ ಕಡೆ ಆ ಭಾಗ ಹಿಂದಕ್ಕೆ ಸರಿದು ಗುಳಿಯಾಗುತ್ತದೆ. ಕರುಳಿನ ಅಲೆ ಆ ವಸ್ತುವನ್ನು ಮೆಲ್ಲನೆ ತಿರುಗಿಸಿ ಮೊಂಡು ತುದಿಯನ್ನು ಮುಂದೆ ಮಾಡುತ್ತದೆ. ಚೂಪು ತುದಿ ಹಿಂದೆ ಎಳೆದುಕೊಂಡು ಬರುತ್ತದೆ. ತನ್ನನ್ನು ತಾನು ಕಾಪಾಡಿಕೊಳ್ಳುವ ಶಕ್ತಿ ದೇಹಕ್ಕೆ ಇದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಈ ರಕ್ಷಣೆ ಕರುಳಿನದು. ಅನ್ನನಾಳದಲ್ಲಿ ಚುಚ್ಚಿಕೊಂಡು ನಿಂತ ಮುಳ್ಳಿಗೆ ಇದರ ನೆರವು ಸಿಗುವುದಿಲ್ಲ. ಜಠರದವರೆಗೆ ಇಳಿದಿದೆಯೇ ಇಲ್ಲವೇ ಎಂದು ವೈದ್ಯರು ಮೊದಲು ಕೇಳುವುದು ಇದಕ್ಕಾಗಿಯೇ.

ಗಂಟಲಿನ ಮುಳ್ಳು

ಎಲ್ಲಕ್ಕಿಂತ ಸಾಮಾನ್ಯವಾದದ್ದು ಮೀನಿನ ಮುಳ್ಳು. ಕರಾವಳಿಯವರು ಬಂಗುಡೆ, ಬೂತಾಯಿಗಳ ಮುಳ್ಳು ಬಿಡಿಸುವುದನ್ನು ಚಿಕ್ಕಂದಿನಲ್ಲೇ ಕಲಿತಿರುತ್ತಾರೆ. ಕೆರೆಯ ಕಟ್ಲಾ, ರೋಹುಗಳ ಕಥೆ ಬೇರೆ. ಅವುಗಳ ಮಾಂಸದ ನಡುವೆ, ಬೆನ್ನೆಲುಬಿಗೆ ಅಂಟದ, ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಮೀನು ತಿಂದು ರೂಢಿಯಿದ್ದವರಿಗೂ ಅವು ಬೆರಳಿಗೆ ಸಿಗದೆ ತಪ್ಪಿಸಿಕೊಳ್ಳುತ್ತವೆ. ಅನುಭವ, ಅಂತಸ್ತು ಯಾವುದೂ ಇದಕ್ಕೆ ತಡೆಯಲ್ಲ. ಬ್ರಿಟನ್ನಿನ ರಾಜಮಾತೆ ಎಲಿಜಬೆತ್‌ಗೂ 1982ರಲ್ಲಿ ಗಂಟಲಲ್ಲಿ ಸಿಕ್ಕಿದ ಮುಳ್ಳನ್ನು ಆಸ್ಪತ್ರೆಯಲ್ಲಿ ತೆಗೆಸಿಕೊಳ್ಳಬೇಕಾಯಿತು.

ಈ ವಿಷಯದ ಒಂದು ಮುಖ್ಯ ಅಧ್ಯಯನ ಹಾಂಗ್‌ಕಾಂಗಿನದು, 1990ರಲ್ಲಿ ಪ್ರಕಟವಾಯಿತು. ಮುಳ್ಳು ಸಿಕ್ಕಿದೆ ಎಂದು ಬಂದ 358 ಮಂದಿಯನ್ನು ಪರೀಕ್ಷಿಸಿದಾಗ ನಿಜವಾಗಿ ಮುಳ್ಳು ಕಂಡದ್ದು 117 ಮಂದಿಯಲ್ಲಿ. ಉಳಿದವರದು ಸುಳ್ಳು ದೂರಲ್ಲ. ಮುಳ್ಳು ಗೀರಿ ಇಳಿದುಹೋದ ಮೇಲೂ ಆ ಗೀರು ಚುಚ್ಚಿದಂತೆ ನೋಯುತ್ತಲೇ ಇರುತ್ತದೆ. ಹೀಗಾಗಿ ನೋವೊಂದನ್ನೇ ನಂಬಿ ಮುಳ್ಳು ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಅದೇ ಅಧ್ಯಯನದಲ್ಲಿ ಸಾಧಾರಣ ಎಕ್ಸ್‌ರೇ ಇದ್ದ ಮುಳ್ಳುಗಳಲ್ಲಿ ಮೂರನೇ ಒಂದು ಭಾಗವನ್ನಷ್ಟೇ ತೋರಿಸಿತು. ‘ಎಕ್ಸ್‌ರೇಯಲ್ಲಿ ಏನೂ ಇಲ್ಲ’ ಎಂಬ ಮಾತನ್ನು ಕೇಳಿ ಮನೆಗೆ ಹೋಗಿಬಿಡುವವರು ಇದನ್ನು ನೆನಪಿಡಬೇಕು. ಮೀನಿನ ಮುಳ್ಳು, ಮರದ ಕಡ್ಡಿ, ಪ್ಲಾಸ್ಟಿಕ್ ಎಕ್ಸ್‌ರೇಗೆ ಸರಿಯಾಗಿ ಕಾಣುವುದಿಲ್ಲ. ಅನುಮಾನ ಉಳಿದರೆ ಸಿ.ಟಿ. ಸ್ಕ್ಯಾನ್ ಬೇಕು.

ಸಮಾಧಾನದ ಸಂಗತಿಯೆಂದರೆ ಗಂಟಲಿನ ಮುಳ್ಳುಗಳಲ್ಲಿ ಬಹುಪಾಲು ಟಾನ್ಸಿಲ್ ಅಥವಾ ನಾಲಿಗೆಯ ಬುಡದಲ್ಲೇ ನಾಟಿರುತ್ತವೆ. ರೋಗಿ ಬಾಯಿ ತೆರೆದು ಕುಳಿತರೆ ಕಿವಿ-ಮೂಗು-ಗಂಟಲು ತಜ್ಞರು ಬೆಳಕು ಬಿಟ್ಟು ಚಿಮಟದಿಂದ ನಿಮಿಷಗಳಲ್ಲಿ ಎಳೆದುಬಿಡುತ್ತಾರೆ. ಅನ್ನದ ಉಂಡೆಯಿಂದ ಅದನ್ನು ಕೆಳಕ್ಕೆ ದೂಡಿದರೆ ಈ ಸುಲಭದ ಅವಕಾಶವೇ ಕೈತಪ್ಪುತ್ತದೆ. ತೆಗೆಸದೆ ಬಿಟ್ಟ ಮುಳ್ಳು ಗೋಡೆ ದಾಟಿ ಕತ್ತಿನ ಮಾಂಸಕ್ಕೆ, ಥೈರಾಯ್ಡ್ ಗ್ರಂಥಿಗೆ ನಡೆದುಹೋಗಿ ಕೀವು ತುಂಬಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿ ಬೇಕಾದಷ್ಟಿವೆ.

ಎದೆಯೊಳಗಿನ ಗಂಡಾಂತರ

ಅನ್ನನಾಳದ ಗೋಡೆ ತೆಳು. ಕರುಳಿಗಿರುವ ಹೊರಪದರ ಇದಕ್ಕಿಲ್ಲ. ಮುಳ್ಳೋ ಕೋಳಿಮೂಳೆಯ ಚೂರೋ ಇದನ್ನು ದಾಟಿದರೆ ಬಾಯಿಯ ಜೊಲ್ಲು, ಅದರಲ್ಲಿರುವ ರೋಗಾಣುಗಳೆಲ್ಲ ಹೃದಯ ಮತ್ತು ಶ್ವಾಸಕೋಶಗಳ ನಡುವಣ ಜಾಗಕ್ಕೆ ಸೋರುತ್ತವೆ. ಅಲ್ಲಿ ಹಬ್ಬುವ ಸೋಂಕು ದಿನದೊಳಗೆ ಜೀವಕ್ಕೆ ಸಂಚಕಾರ ತರಬಲ್ಲದು. ಜ್ವರ, ಬೆನ್ನಿಗೆ ಇಳಿಯುವ ಎದೆನೋವು, ಜೊಲ್ಲನ್ನೂ ನುಂಗಲಾಗದ ಸ್ಥಿತಿ, ಕತ್ತಿನ ಚರ್ಮದ ಕೆಳಗೆ ಗಾಳಿ ಸೇರಿ ಒತ್ತಿದರೆ ಚರಚರ ಎನ್ನುವುದು, ಇವೆಲ್ಲ ಗೋಡೆ ತೂತಾಗಿರುವ ಸೂಚನೆಗಳು.

ಇದಕ್ಕಿಂತ ಭೀಕರವಾದದ್ದು ಇನ್ನೊಂದಿದೆ. ಅನ್ನನಾಳದ ಎರಡನೆಯ ಇಕ್ಕಟ್ಟಿಗೆ ಮಹಾಪಧಮನಿ ಒತ್ತಿಕೊಂಡೇ ಇದೆ. ಅಲ್ಲಿ ನಿಂತ ಮೂಳೆ ದಿನಗಳ ಕಾಲ ಗೋಡೆಯನ್ನು ಕೊರೆದು ಕೊನೆಗೆ ಆ ದೊಡ್ಡ ರಕ್ತನಾಳವನ್ನೇ ಮುಟ್ಟಬಹುದು. ಇದರ ಲಕ್ಷಣಗಳ ಸರಣಿಯನ್ನು ರೋಗಶಾಸ್ತ್ರಜ್ಞ ಹಾನ್ಸ್ ಕಿಯಾರಿ 1914ರಲ್ಲಿ ಗುರುತಿಸಿದ: ಮೊದಲು ಎದೆನೋವು; ಆಮೇಲೆ ಒಂದಿಷ್ಟು ರಕ್ತವಾಂತಿ; ಬಳಿಕ ಏನೂ ಆಗದಂತೆ ತೋರುವ ಗಂಟೆಗಳು ಅಥವಾ ದಿನಗಳು; ಕೊನೆಗೆ ತಡೆಯಲಾಗದ ರಕ್ತಸ್ರಾವ. ಆ ನಡುವಿನ ನೆಮ್ಮದಿಯ ಅವಧಿಯೇ ಹೆಚ್ಚು ಮೋಸದ್ದು. ರಕ್ತ ತಾನಾಗಿ ನಿಂತಿತೆಂದು ಮನೆಯವರು ಉಸಿರುಬಿಡುತ್ತಾರೆ. ರೋಗಿಯನ್ನು ಉಳಿಸಲು ಸಾಧ್ಯವಿರುವುದೂ ಆ ಅವಧಿಯಲ್ಲೇ. ಮೂಳೆಯೋ ಮುಳ್ಳೋ ನುಂಗಿದ ಕೆಲವು ದಿನಗಳಲ್ಲಿ ಬಾಯಿಂದ ರಕ್ತ ಕಂಡರೆ, ಎಷ್ಟೇ ಸ್ವಲ್ಪವಿದ್ದರೂ, ಎಷ್ಟು ಬೇಗ ನಿಂತರೂ, ತುರ್ತು ಚಿಕಿತ್ಸೆಗೆ ಹೋಗಲೇಬೇಕು.

ಹೊಟ್ಟೆಯೊಳಗೆ ಅಡಗಿದ ಕಡ್ಡಿ

ಅಮೆರಿಕದ ಕಥೆಗಾರ ಶೆರ್‌ವುಡ್ ಆಂಡರ್ಸನ್ 1941ರಲ್ಲಿ ಹಡಗಿನಲ್ಲಿ ದಕ್ಷಿಣ ಅಮೆರಿಕಕ್ಕೆ ಹೊರಟಿದ್ದಾಗ ಹೊಟ್ಟೆನೋವಿನಿಂದ ಮಲಗಿದ. ಪನಾಮಾದ ಕೊಲೋನ್ ನಗರದಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದರೂ ಮಾರ್ಚ್ 8ರಂದು ತೀರಿಕೊಂಡ. ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕಿದ್ದು ಒಂದು ಹಲ್ಲುಕಡ್ಡಿ. ಅದು ಕರುಳನ್ನು ತೂತು ಮಾಡಿ ಹೊಟ್ಟೆಯೊಳಗೆಲ್ಲ ಸೋಂಕು ಹರಡಿತ್ತು.

ಹಲ್ಲುಕಡ್ಡಿಯಷ್ಟು ಅಪಾಯಕಾರಿಯಾಗಿದ್ದೂ ಅದರಷ್ಟು ಅಲಕ್ಷ್ಯಕ್ಕೆ ಒಳಗಾದ ವಸ್ತು ಬೇರೊಂದಿಲ್ಲ. ಎರಡೂ ತುದಿ ಚೂಪಾದ್ದರಿಂದ ತಿರುಗಿಸಲು ಮೊಂಡು ತುದಿಯೇ ಇಲ್ಲ, ಎಕ್ಸ್‌ರೇಯಲ್ಲಿ ಅದು ಸರಿಯಾಗಿ ಕಾಣುವುದೂ ಇಲ್ಲ. ನುಂಗಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನುಂಗಿದ ನೆನಪೇ ಇರುವುದಿಲ್ಲ. ಪ್ರಕಟವಾದ ಪ್ರಕರಣಗಳನ್ನು ಒಟ್ಟುಗೂಡಿಸಿ ನೋಡಿದ 2014ರ ಒಂದು ಸಮೀಕ್ಷೆಯಲ್ಲಿ ಸುಮಾರು ಹತ್ತು ರೋಗಿಗಳಿಗೊಬ್ಬರು ಸತ್ತಿದ್ದರು. ತೀವ್ರ ಪ್ರಕರಣಗಳೇ ಪ್ರಕಟವಾಗುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಇದು ಸಣ್ಣ ಮಾತಲ್ಲ. ಮದುವೆ ಊಟದ ಕೊನೆಗೆ ಬೀಡಾ ಬಿಚ್ಚಿಕೊಳ್ಳದಂತೆ ಹಲ್ಲುಕಡ್ಡಿ ಚುಚ್ಚಿ ಕೊಡುವುದು ಈಗ ಎಲ್ಲೆಡೆ ರೂಢಿ. ಮಾತಿನ ಭರದಲ್ಲಿ ಇಡಿಯಾಗಿ ಬಾಯಿಗಿಟ್ಟುಕೊಳ್ಳುವವರು ಪ್ರತಿ ಪಂಕ್ತಿಯಲ್ಲೂ ಇರುತ್ತಾರೆ. ಹಿಂದೆ ಬೀಡಾಕ್ಕೆ ಲವಂಗ ಚುಚ್ಚುತ್ತಿದ್ದರು. ಅದನ್ನು ಅಗಿದು ನುಂಗಿದರೂ ತೊಂದರೆಯಿರಲಿಲ್ಲ. ಆ ಪದ್ಧತಿಗೆ ಮರಳುವುದು ಎಲ್ಲ ರೀತಿಯಲ್ಲೂ ಒಳ್ಳೆಯದು. ಮುತ್ತುಗದ ಎಲೆ ಹಚ್ಚಲು ಬಳಸುವ ಸಣ್ಣ ಕಡ್ಡಿಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಸಾರು ಅನ್ನ ಕಲಸುವಾಗ ಕಡ್ಡಿ ಬಿಟ್ಟುಕೊಂಡು ತುತ್ತಿನಲ್ಲಿ ಸೇರಿಕೊಳ್ಳಬಹುದು.

ಕರುಳನ್ನು ಚುಚ್ಚಿದ ಮುಳ್ಳು, ಕಡ್ಡಿಗಳು ಯಾವಾಗಲೂ ಒಮ್ಮೆಗೇ ದೊಡ್ಡ ಗಲಾಟೆ ಮಾಡುವುದಿಲ್ಲ. ತೂತು ಸಣ್ಣದಾದರೆ ಸುತ್ತಲಿನ ಕೊಬ್ಬಿನ ಪೊರೆ ಅಂಟಿಕೊಂಡು ಮುಚ್ಚಿಬಿಡುತ್ತದೆ. ವಾರಗಳ ನಂತರ ಬಲ ಕೆಳಹೊಟ್ಟೆ ನೋಯತೊಡಗಿ ಅಪೆಂಡಿಸೈಟಿಸ್‌ನಂತೆ ಕಾಣಬಹುದು. ಜಠರದ ಗೋಡೆ ದಾಟಿದ ಮುಳ್ಳು ಪಕ್ಕದ ಪಿತ್ತಜನಕಾಂಗವನ್ನು, ಅದರಲ್ಲೂ ಎಡಭಾಗವನ್ನು ಸೇರಿ ಅಲ್ಲಿ ಕೀವುಗಟ್ಟಿಸಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ಊಟ ಸೇರದಿರುವುದು, ತೂಕ ಇಳಿಯುವುದು ಇಷ್ಟೇ ಲಕ್ಷಣ. ಔಷಧಿಗೆ ಬಗ್ಗದ ಇಂಥ ಬಾವಿನೊಳಗೆ ಸಿ.ಟಿ. ಸ್ಕ್ಯಾನಿನಲ್ಲಿ ಸಣ್ಣ ಬಿಳಿ ಗೆರೆ ಕಂಡಾಗಲೇ ಗುಟ್ಟು ಬಯಲಾಗುತ್ತದೆ. ಅಷ್ಟು ಹೊತ್ತಿಗೆ ಆ ಮೀನೂಟ ರೋಗಿಗೆ ಮರೆತೇ ಹೋಗಿರುತ್ತದೆ.

ಲೋಹದ ತಂತಿಯೂ ಇದೇ ಕೆಲಸ ಮಾಡಬಲ್ಲದು. ಅಮೆರಿಕದ ರೋಡ್ ಐಲೆಂಡಿನಲ್ಲಿ 2011-12ರಲ್ಲಿ ಆರು ಮಂದಿಗೆ ಹೀಗಾಯಿತು. ಮಾಂಸ ಸುಡುವ ಜಾಲರಿ ಉಜ್ಜುವ ಬ್ರಷ್‌ನಿಂದ ಬಿದ್ದ ತಂತಿ ಊಟದಲ್ಲಿ ಸೇರಿ, ಒಬ್ಬರಿಗೆ ಕತ್ತಿನಲ್ಲಿ, ಮತ್ತೊಬ್ಬರಿಗೆ ಕರುಳಿನಲ್ಲಿ ಎನ್ನುವಂತೆ ಚುಚ್ಚಿಕೊಂಡಿತ್ತು. ಪಾತ್ರೆ ಉಜ್ಜುವ ನಮ್ಮ ಸ್ಟೀಲ್ ನಾರೂ ಸವೆದ ಮೇಲೆ ಎಳೆ ಬಿಡುತ್ತದೆ. ಹಳೆಯದಾದ ನಾರನ್ನು ಎಸೆಯುವುದರಲ್ಲಿ ಜಿಪುಣತನ ಬೇಡ.

ಯಾರಿಗೆ ಹೆಚ್ಚು ಅಪಾಯ?

ಮೊದಲ ಸಾಲಿನಲ್ಲಿ ಆರು ತಿಂಗಳಿಂದ ಮೂರು ವರ್ಷದ ಮಕ್ಕಳು. ಈ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಮಾಂಗಲ್ಯದ ಸರಕ್ಕೆ, ಬಳೆಗೆ ಸೇಫ್ಟಿ ಪಿನ್ ಸಿಕ್ಕಿಸಿಕೊಳ್ಳುವುದು ನಮ್ಮ ಹೆಣ್ಣುಮಕ್ಕಳ ಹಳೆಯ ಅನುಕೂಲ. ಎತ್ತಿಕೊಂಡ ಮಗುವಿನ ಕೈಗೆ ಮೊದಲು ಸಿಗುವುದೂ ಅದೇ. ಎರಡನೆಯವರು ಹಲ್ಲುಸೆಟ್ಟು ಹಾಕಿಕೊಂಡ ಹಿರಿಯರು. ಅಂಗುಳಿನ ಮೇಲೆ ಪ್ಲೇಟು ಕೂತಿರುವುದರಿಂದ ತುತ್ತಿನಲ್ಲಿರುವ ಮೂಳೆ, ಮುಳ್ಳು ಅವರಿಗೆ ತಿಳಿಯುವುದಿಲ್ಲ. ಕೆಲವೊಮ್ಮೆ ಸಡಿಲಾದ ಹಲ್ಲೇ ತಂತಿ ಸಮೇತ ಒಳಗೆ ಹೋಗುತ್ತದೆ. ಮೂರನೆಯವರು ಕೆಲಸದ ನಡುವೆ ಬಾಯನ್ನೇ ಮೂರನೆಯ ಕೈ ಮಾಡಿಕೊಂಡವರು: ಗುಂಡುಸೂಜಿ ಕಚ್ಚಿಕೊಂಡ ದರ್ಜಿ, ಮೊಳೆ ಕಚ್ಚಿಕೊಂಡ ಬಡಗಿ, ಸೀರೆಯ ನೆರಿಗೆ ಹಿಡಿಯುವಾಗ ಪಿನ್ನನ್ನು ತುಟಿಯಲ್ಲಿಟ್ಟುಕೊಂಡವರು. ಒಂದು ಕೆಮ್ಮು, ಒಂದು ನಗು ಸಾಕು. ಕುಡಿದು ಊಟ ಮಾಡುವವರು, ಟಿ.ವಿ. ನೋಡುತ್ತ ಗಬಗಬ ತಿನ್ನುವವರು ಉಳಿದ ಪಾಲು.

ತೆಗೆಯುವ ಕಲೆ

ಈ ವಿದ್ಯೆಯ ಮೂಲಪುರುಷ ಫಿಲಡೆಲ್ಫಿಯಾದ ಗಂಟಲುತಜ್ಞ ಶೆವಾಲಿಯೆ ಜಾಕ್ಸನ್ (1865–1958). ರೋಗಿಗಳ ಗಂಟಲು, ಅನ್ನನಾಳ, ಶ್ವಾಸನಾಳಗಳಿಂದ ತೆಗೆದ 2,374 ವಸ್ತುಗಳನ್ನು ಆತ ಜೋಪಾನ ಮಾಡಿದ. ಪಿನ್ನು, ಮೊಳೆ, ಮೂಳೆ, ಗುಂಡಿಗಳೆಲ್ಲ ಇಂದಿಗೂ ಅದೇ ನಗರದ ಮ್ಯೂಟರ್ ಮ್ಯೂಸಿಯಂನ ಸೆಳೆಪೆಟ್ಟಿಗೆಗಳಲ್ಲಿ ವಿಂಗಡಿಸಿಟ್ಟಿವೆ. ಅವನ ಪಾಠ ಸರಳವಾದದ್ದು. ಮುಂದೆ ಹೋಗುವ ಚೂಪು ತೂತು ಮಾಡುತ್ತದೆ, ಹಿಂದೆ ಎಳೆದುಕೊಂಡು ಬರುವ ಚೂಪು ಮಾಡುವುದಿಲ್ಲ.

ಬಾಯಿ ತೆರೆದುಕೊಂಡ ಸೇಫ್ಟಿ ಪಿನ್ ಮಗುವಿನ ಅನ್ನನಾಳದಲ್ಲಿ ಮೇಲ್ಮುಖವಾಗಿ ನಿಂತಿದೆ ಎನ್ನೋಣ. ಅದನ್ನು ಹಾಗೆಯೇ ಎಳೆದರೆ ಮೊನೆ ಗೋಡೆಯನ್ನು ಸೀಳುತ್ತದೆ. ವೈದ್ಯರು ಎಳೆಯುವುದಿಲ್ಲ. ಎಂಡೋಸ್ಕೋಪಿನ ತುದಿಯಿಂದ ಮೆಲ್ಲನೆ ಜಠರಕ್ಕೆ ದೂಡುತ್ತಾರೆ. ಜಠರದೊಳಗೆ ಜಾಗ ಧಾರಾಳ. ಅಲ್ಲಿ ಪಿನ್ನನ್ನು ತಿರುಗಿಸಿ ಸುರುಳಿಯಿರುವ ಬೆನ್ನಿನ ಕಡೆಯನ್ನು ಇಕ್ಕಳದಲ್ಲಿ ಹಿಡಿಯುತ್ತಾರೆ. ಈಗ ಹೊರಗೆ ಬರುವಾಗ ಮೊನೆ ಹಿಂದೆ ಉಳಿಯುತ್ತದೆ. ಗೋಡೆಗೆ ಗೀರು ಬೀಳದಂತೆ ಎಂಡೋಸ್ಕೋಪಿನ ತುದಿಗೆ ರಬ್ಬರಿನ ಟೋಪಿ ತೊಡಿಸುವುದೂ, ದೊಡ್ಡವರಿಗಾದರೆ ಅನ್ನನಾಳದೊಳಗೆ ಒಂದು ಕೊಳವೆ ಇಳಿಸಿ ಅದರೊಳಗಿಂದ ವಸ್ತುವನ್ನು ತರುವುದೂ ಉಂಟು. ಎಕ್ಸ್‌ನರ್ ಕರುಳಿನಲ್ಲಿ ಕಂಡ ಉಪಾಯವನ್ನೇ ಇಲ್ಲಿ ವೈದ್ಯರ ಕೈ ಮಾಡುತ್ತದೆ.

ಸಮಯದ ಲೆಕ್ಕವೂ ಈಗ ಸ್ಪಷ್ಟವಾಗಿದೆ. ಯುರೋಪಿನ ಎಂಡೋಸ್ಕೋಪಿ ತಜ್ಞರ ಸಂಘ 2016ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ, ಅನ್ನನಾಳದಲ್ಲಿ ಸಿಕ್ಕಿದ ಚೂಪು ವಸ್ತುವನ್ನು ಸಾಧ್ಯವಾದರೆ 2 ಗಂಟೆಯೊಳಗೆ, ತಪ್ಪಿದರೆ 6 ಗಂಟೆಯೊಳಗೆ ತೆಗೆಯಬೇಕು. ಜಠರದಲ್ಲಿದ್ದರೆ 24 ಗಂಟೆಯೊಳಗೆ. ಎಂಡೋಸ್ಕೋಪಿಗೆ ಎಟುಕದಷ್ಟು ಕೆಳಗೆ ಇಳಿದಿದ್ದು, ರೋಗಿಗೆ ತೊಂದರೆ ಇಲ್ಲದಿದ್ದರೆ ದಿನವೂ ಎಕ್ಸ್‌ರೇ ತೆಗೆದು ಅದರ ಪ್ರಯಾಣವನ್ನು ಗಮನಿಸುತ್ತಾರೆ. ಮೂರು ದಿನ ಒಂದೇ ಕಡೆ ನಿಂತರೆ ಶಸ್ತ್ರಚಿಕಿತ್ಸೆಯ ಯೋಚನೆ ಮಾಡಬೇಕಾಗುತ್ತದೆ. ಹೊಟ್ಟೆನೋವು, ವಾಂತಿ, ಜ್ವರ, ರಕ್ತ ಇವುಗಳಲ್ಲಿ ಒಂದು ಕಂಡರೂ ಅಷ್ಟು ದಿನ ಕಾಯುವ ಹಾಗಿಲ್ಲ.

ಚೂಪಲ್ಲದಿದ್ದರೂ ಈ ಸಾಲಿಗೆ ಸೇರಲೇಬೇಕಾದದ್ದು ಆಟಿಕೆ, ರಿಮೋಟುಗಳಲ್ಲಿರುವ ಗುಂಡಿ ಬ್ಯಾಟರಿ. ಮಗುವಿನ ಅನ್ನನಾಳದಲ್ಲಿ ನಿಂತರೆ ವಿದ್ಯುತ್ತಿನಿಂದ ಹುಟ್ಟುವ ಕ್ಷಾರ ಎರಡೇ ಗಂಟೆಯಲ್ಲಿ ಗೋಡೆಯನ್ನು ಸುಡುತ್ತದೆ. ಇಲ್ಲಿ ಮಾತ್ರ ಒಂದು ಮನೆಮದ್ದಿಗೆ ತಜ್ಞರ ಒಪ್ಪಿಗೆಯಿದೆ. ವರ್ಷ ತುಂಬಿದ ಮಗುವಾದರೆ, ನುಂಗಿ 12 ಗಂಟೆ ಮೀರಿರದಿದ್ದರೆ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ, ಹೆಚ್ಚೆಂದರೆ ಆರು ಸಲ. ಜೇನು ತರಲೆಂದು ಹೊರಡುವುದನ್ನು ತಡಮಾಡಬಾರದು.

ಮಾಡಬೇಕಾದದ್ದು, ಮಾಡಬಾರದ್ದು

ಚೂಪು ವಸ್ತು ನುಂಗಿದವರಿಗೆ ಅನ್ನದ ಉಂಡೆ, ಬಾಳೆಹಣ್ಣು, ಬ್ರೆಡ್ಡು ಕೊಡಬೇಡಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಇಳಿಯುವಾಗ ಬಿಟ್ಟ ಮೊನೆ ಹತ್ತುವಾಗ ಚುಚ್ಚಬಹುದು. ಭೇದಿ ಮಾತ್ರೆ ಬೇಡ. ಎಂಡೋಸ್ಕೋಪಿಗೆ ಹೊಟ್ಟೆ ಖಾಲಿಯಿರಬೇಕು, ಹಾಗಾಗಿ ಏನನ್ನೂ ತಿನ್ನಿಸದೆ, ಕುಡಿಸದೆ ಹೊರಡಿ. ಅಂಥದೇ ಇನ್ನೊಂದು ಪಿನ್ನೋ ಮೊಳೆಯೋ ಮನೆಯಲ್ಲಿದ್ದರೆ ಜೊತೆಗೆ ಒಯ್ಯಿರಿ, ಉದ್ದ, ಆಕಾರ ನೋಡಿದರೆ ವೈದ್ಯರ ಅರ್ಧ ಕೆಲಸ ಮುಗಿಯುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ, ಜೊಲ್ಲು ಸುರಿಯುತ್ತಿದ್ದರೆ, ರಕ್ತ ಕಂಡರೆ 108ಕ್ಕೆ ಕರೆ ಮಾಡಿ. ವಾರಗಳ ಮೇಲೆ ಕಾರಣ ತಿಳಿಯದ ಜ್ವರ, ಹೊಟ್ಟೆನೋವು ಬಂದರೆ ಆ ದಿನದ ಮುಳ್ಳಿನ ಸಂಗತಿಯನ್ನು ನೀವಾಗಿಯೇ ವೈದ್ಯರಿಗೆ ಹೇಳಿ. ಅವರು ಕೇಳುವುದಿಲ್ಲ, ಯಾಕೆಂದರೆ ಕೇಳಬೇಕೆಂದು ತೋಚಲು ಅವರಿಗೆ ಸುಳಿವೇ ಇರುವುದಿಲ್ಲ.

ಎಚ್ಚರವನ್ನೆಲ್ಲ ಮನೆಯವರ ತಲೆಗೇ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಜಪಾನಿನಲ್ಲಿ ಹಿರಿಯರು ಕತ್ತರಿಸಿದ ಮಾತ್ರೆಯನ್ನು ಪ್ಯಾಕಿನ ಸಮೇತ ನುಂಗಿ ಅನ್ನನಾಳ ಹರಿದುಕೊಳ್ಳುತ್ತಿದ್ದರು. ಅಲ್ಲಿನ ಔಷಧ ತಯಾರಕರು 1996ರಲ್ಲಿ ಪಟ್ಟಿಯಲ್ಲಿ ಒಂದೇ ದಿಕ್ಕಿಗೆ ಹರಿಯುವ ಗೆರೆ ಇಟ್ಟರು. ಒಂಟಿ ಮಾತ್ರೆಯಾಗಿ ಬಿಡಿಸಲು ಬರದಂತೆ ಮಾಡಿದರು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಇಂದಿಗೂ ಕತ್ತರಿಯಿಂದ ಒಂದೊಂದೇ ಮಾತ್ರೆ ಕತ್ತರಿಸಿ ಕೊಡುತ್ತಾರೆ. ಬಡವರಿಗೆ ಎರಡು ದಿನದ ಔಷಧಿ ಮಾತ್ರ ಕೊಳ್ಳಲು ಅದು ಬೇಕೂ ಹೌದು. ಆದರೆ ನಾಲ್ಕು ಚೂಪು ಮೂಲೆಯ ಆ ಚೂರು ಕಣ್ಣು ಮಂಜಾದ ಅಜ್ಜನ ಅಂಗೈಗೆ ಬೀಳುವಾಗ ‘ಬಿಡಿಸಿ ನುಂಗಿ’ ಎಂದು ಹೇಳುವುದಕ್ಕೆ ಖರ್ಚೇನೂ ಇಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ಟೀ ಬ್ಯಾಗುಗಳಿಗೆ ಸ್ಟೇಪಲ್ ಪಿನ್ ಹಾಕುವುದನ್ನು ನಿಲ್ಲಿಸುವಂತೆ ಆದೇಶಿಸಿತು. ಅದೇ ಕಾಳಜಿ ಹೋಟೆಲಿನ ಪಾರ್ಸೆಲ್ ಪೊಟ್ಟಣಕ್ಕೆ ಹೊಡೆಯುವ ಪಿನ್ನಿಗೂ, ಬೀಡಾದ ಕಡ್ಡಿಗೂ ವಿಸ್ತರಿಸಬೇಕು.

ಆಸ್ಪತ್ರೆಗಳದೂ ಒಂದು ಪಾಲಿದೆ. ಎರಡರಿಂದ ಆರು ಗಂಟೆಯ ಗಡುವು ಬೆಂಗಳೂರಿನವರಿಗೆ ಸಾಕು. ಘಟ್ಟದ ಮೇಲಿನ ಹಳ್ಳಿಯಿಂದ ಹೊರಟ ತಾಯಿಗೆ ಅಷ್ಟು ಹೊತ್ತು ರಸ್ತೆಯಲ್ಲೇ ಕಳೆಯುತ್ತದೆ. ಹಗಲು ರಾತ್ರಿ ಎಂಡೋಸ್ಕೋಪಿ ಮಾಡಬಲ್ಲ ಒಂದು ಕೇಂದ್ರ ಪ್ರತಿ ಜಿಲ್ಲೆಯಲ್ಲೂ ಇರಬೇಕು. ಮೊದಲು ನೋಡಿದ ವೈದ್ಯರು ಎಕ್ಸ್‌ರೇ ಖಾಲಿಯೆಂದು ಕೈಬಿಡದೆ ನೇರವಾಗಿ ಅಲ್ಲಿಗೇ ಕಳಿಸಬೇಕು. ಚೂಪು ವಸ್ತು ಕೊಲ್ಲುವುದು ಅಪರೂಪ. ಕೊಂದಾಗಲೂ ಅದಕ್ಕೆ ಹೆಚ್ಚು ನೆರವಾಗುವುದು ನಾವು ಕಳೆದ ಸಮಯ. ಅದನ್ನು ಉಳಿಸುವ ದಾರಿ ವೈದ್ಯರಿಗೆ ಗೊತ್ತಿದೆ. ಮನೆಯವರಿಗೂ, ಅಂಗಡಿಯವರಿಗೂ, ಸರ್ಕಾರಕ್ಕೂ ಅದು ಗೊತ್ತಾದ ದಿನ ಈ ಸಾವುಗಳಲ್ಲಿ ಬಹುಪಾಲನ್ನು ತಪ್ಪಿಸಬಹುದು.